ಗಾಜಿಗೂ ನೆಂಟ, ಅಂಟಿಗೂ ನೆಂಟ

“ತಾತ, ನನ್ನ ಹಲ್ಲಿಗೆ ಗಾಜಿನ ಪುಡಿ ತುಂಬಿದ್ದಾರಂತೆ! ಅದು ಉದುರಿಬಿಟ್ಟರೆ?”

ದಂತವೈದ್ಯರ ಹತ್ತಿರ ಹೋಗಿ ಬಂದ ದಿನದಿಂದ ನನ್ನ ಮೊಮ್ಮಗಳಿಗೆ ಇದೇ ಚಿಂತೆ. ದವಡೆಯ ಹುಳುಕು ಹಲ್ಲಿಗೆ ಡಾಕ್ಟರು ಹಲ್ಲಿನದೇ ಬಣ್ಣದ ಮೆತ್ತನೆಯ ಪದಾರ್ಥ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದ್ದರು. ಅದರಲ್ಲಿ ಗಾಜು ಇದೆ ಎಂದು ಕೇಳಿದ್ದೇ ತಡ, ಹುಡುಗಿ ಆ ಕಡೆ ಅಗಿಯುವುದನ್ನೇ ಬಿಟ್ಟಳು. ಹೆದರಬೇಡ ಎಂದರೆ ಕೇಳುವವಳಲ್ಲ. ಕಾರಣ ಹೇಳಬೇಕು.

ಗಾಜು ಇರುವುದು ನಿಜ ಮಕ್ಕಳೇ. ಬರೀ ಅಂಟಿನಂಥ ರಾಳವನ್ನು ತುಂಬಿದರೆ ಅದು ಗಟ್ಟಿಯಾಗುವಾಗ ಕುಗ್ಗುತ್ತದೆ, ಬೇಗ ಸವೆಯುತ್ತದೆ. ಅದಕ್ಕೇ ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣದಾದ ಗಾಜಿನ ಕಣಗಳನ್ನು ಸೇರಿಸುತ್ತಾರೆ. ತೊಂದರೆ ಇರುವುದು ಇಲ್ಲೇ. ಗಾಜಿಗೆ ನೀರೆಂದರೆ ಪ್ರೀತಿ, ರಾಳಕ್ಕೆ ಆಗದು. ಎರಡರ ನಡುವೆ ಎಂಜಲು ನುಸುಳಿದರೆ ಕಣಗಳು ಒಂದೊಂದಾಗಿ ಕಿತ್ತುಬರುತ್ತವೆ.

ಅಮೆರಿಕದ ದಂತವೈದ್ಯ, ಸಂಶೋಧಕ ರಫೇಲ್ ಬೋವೆನ್ ಇದಕ್ಕೊಂದು ದಾರಿ ಕಂಡುಕೊಂಡರು. ಸಿಲಿಕಾ ಪುಡಿಗೆ ಮೊದಲೇ ಸಿಲೇನ್ ಎಂಬ ರಾಸಾಯನಿಕ ಸವರಿ, ಆಮೇಲೆ ರಾಳಕ್ಕೆ ಬೆರೆಸಿದರು. 1962ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಎಣ್ಣೆಸ್ನಾನ ಮಾಡಿಸಿಕೊಂಡವರಿಗೆ ಸೀಗೆಪುಡಿ ಗೊತ್ತು. ಅದರಲ್ಲಿರುವ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿದರೆ ಇನ್ನೊಂದು ನೀರನ್ನು ಹಿಡಿಯುತ್ತದೆ. ಸಿಲೇನಿಗೂ ಹಾಗೇ ಎರಡು ತುದಿ, ಒಂದು ಗಾಜಿಗೆ, ಒಂದು ರಾಳಕ್ಕೆ. ಆದರೆ ಸೀಗೆ ತೊಳೆದರೆ ಹೋಗುತ್ತದೆ. ಸಿಲೇನ್ ಎರಡೂ ಕಡೆ ರಾಸಾಯನಿಕ ಬಂಧವನ್ನೇ ಹಾಕಿಕೊಂಡು ಕೂರುತ್ತದೆ. ನೀಲಿ ಬೆಳಕು ಬಿದ್ದು ರಾಳ ಗಟ್ಟಿಯಾಗುವಾಗ ಇದರ ಆ ತುದಿಯೂ ಅದರೊಳಗೆ ಹೆಣೆದುಕೊಳ್ಳುತ್ತದೆ.

ಸವರುವುದು ಹೇಗೆ? ಅಜ್ಜಿಯರಿಗೆ ಇದು ಬೇಗ ಅರ್ಥವಾದೀತು. ಒಂದು ರೀತಿ, ಅಕ್ಕಿ ನೆನೆಹಾಕಿದಂತೆ. ಆಲ್ಕೋಹಾಲು ಮತ್ತು ನೀರಿಗೆ ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ ತುಸು ಹಾಕಿ ಹುಳಿ ಮಾಡಿ, ಸಿಲೇನ್ ಬೆರೆಸುತ್ತಾರೆ. ನೀರು ತಗುಲಿದಾಗಲೇ ಗಾಜನ್ನು ಹಿಡಿಯುವ ತುದಿ ಎಚ್ಚರಗೊಳ್ಳುವುದು. ಆಮೇಲೆ ಪುಡಿ ಹಾಕಿ ಕಲಕಿ, ಸೋಸಿ, ಸುಮಾರು 110 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಣಗಿಸಿದರೆ ಹಿಡಿತ ಬಿಗಿಯುತ್ತದೆ. ಸಿಲೇನ್ ಬೆರೆಸಿದ ನೀರನ್ನು ಬಹಳ ಹೊತ್ತು ಹಾಗೇ ಇಟ್ಟರೆ ಮಾತ್ರ ಕೆಟ್ಟಿತು. ಅಣುಗಳು ತಮ್ಮತಮ್ಮಲ್ಲೇ ಕೈಹಿಡಿದುಕೊಂಡು ದ್ರಾವಣ ಕದಡಿಹೋಗುತ್ತದೆ.

ಇನ್ನೊಂದು ರೀತಿ ಮಂಡಕ್ಕಿ ಒಗ್ಗರಣೆಯಂತೆ. ಪುಡಿ ಗಿರಗಿರ ತಿರುಗುತ್ತಿರುವಾಗಲೇ ಸಿಲೇನನ್ನು ಸಿಂಪಡಿಸುವುದು. ದೊಡ್ಡ ಕಾರ್ಖಾನೆಗಳಿಗೆ ಇದು ಅನುಕೂಲ, ಸೋಸುವ ಕೆಲಸವಿಲ್ಲ. ಸಿಲೇನನ್ನು ನೇರ ರಾಳಕ್ಕೇ ಸುರಿದು ಎಲ್ಲವನ್ನೂ ಒಟ್ಟಿಗೆ ಕಲಸುವವರೂ ಇದ್ದಾರೆ. ಸುಲಭವೇನೋ ಹೌದು, ಆದರೆ ಪ್ರತಿ ಕಣಕ್ಕೂ ಅದು ತಲುಪುತ್ತದೆಂಬ ಭರವಸೆ ಕಡಿಮೆ. ನನಗಂತೂ ನೆನೆಹಾಕುವ ಪದ್ಧತಿಯೇ ಇಷ್ಟ.

ಎಷ್ಟು ಹಾಕಬೇಕೆಂಬುದು ಕಣದ ಗಾತ್ರದ ಮೇಲೆ ಹೋಗುತ್ತದೆ. ಇಡೀ ಬದನೆಕಾಯಿಗಿಂತ ಸಣ್ಣಗೆ ಹೆಚ್ಚಿದ ಹೋಳಿಗೆ ಹೆಚ್ಚು ಖಾರದಪುಡಿ ಹಿಡಿಯುವುದಿಲ್ಲವೇ? ಪುಡಿ ನುಣುಪಾದಷ್ಟೂ ಸವರಬೇಕಾದ ಮೈ ಹೆಚ್ಚು. ಕಡಿಮೆಯಾದರೆ ಕೆಲವು ಕಣ ಬೋಳಾಗಿ ಉಳಿಯುತ್ತವೆ. ಜಾಸ್ತಿಯಾದರೆ ಪದರದ ಮೇಲೆ ಪದರ ಕೂತು, ನಡುವೆಯೇ ಸಡಿಲ.

“ಹಾಗಾದರೆ ಯಾವತ್ತೂ ಉದುರಲ್ವಾ?” ಎಂದಳು. ಯಾವತ್ತೂ ಅಂತ ಹೇಳಲಾರೆ. ವರ್ಷಗಟ್ಟಲೆ ಎಂಜಲಲ್ಲಿ ನೆನೆದು ಆ ಬಂಧವೂ ನಿಧಾನಕ್ಕೆ ಸಡಿಲವಾಗುತ್ತದೆ, ಫಿಲ್ಲಿಂಗ್ ಸವೆಯುತ್ತದೆ. ಅದಕ್ಕೇ ಡಾಕ್ಟರು ಆಗಾಗ ಬಂದು ತೋರಿಸಿ ಎನ್ನುವುದು.

ಸಂಜೆ ಚಕ್ಕುಲಿ ಕೊಟ್ಟೆ. ಮೊದಲು ಹಳೆಯ ಕಡೆ, ಆಮೇಲೆ ಮೆಲ್ಲಗೆ ಹೊಸ ಕಡೆ. ಅಗಿಯುತ್ತಲೇ ನನ್ನ ಬಾಯಿ ತೆರೆಸಿ ಇಣುಕಿದಳು. “ನಿಮ್ಮ ಬೆಳ್ಳಿ ಬಣ್ಣದ ಫಿಲ್ಲಿಂಗಿಗೆ ಯಾರು ತಾತ ನೆಂಟ?”

ಅದಕ್ಕೆ ಯಾರೂ ಇಲ್ಲ ಪುಟ್ಟೀ. ಆಗ ಒಳಗೆ ಅಗಲ, ಬಾಯಿ ಕಿರಿದು ಮಾಡಿ ಹಲ್ಲು ಕೊರೆಯುತ್ತಿದ್ದರು. ಗಡಿಗೆಯೊಳಗೆ ಮುಷ್ಟಿ ಸಿಕ್ಕಿಕೊಂಡಂತೆ ಅದು ಅಲ್ಲೇ ಕೂತಿದೆ.