ಹಬೆಯನ್ನು ಹಿಡಿದು ನೀರನ್ನು ಬಿಡುವ ಬೋನು

ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಾಗ ಅದರ ಒಳಮೈಯಿಂದ ನೀರು ತೊಟ್ಟಿಕ್ಕುವುದನ್ನು ನೀವೆಲ್ಲ ನೋಡಿದ್ದೀರಿ. ಶಾಖ ಬಿಟ್ಟುಕೊಟ್ಟ ಹಬೆ ಮತ್ತೆ ನೀರಾಗಿದೆ, ಅಷ್ಟೆ. ಮನೆಯಲ್ಲಿ ಆ ನೀರು ತಳಕ್ಕೇ ಮರಳುತ್ತದೆ. ಆದರೆ ಬಾಯ್ಲರಿನಿಂದ ಕೊಳವೆಯಲ್ಲಿ ಹಬೆ ತಂದು ಅಡುಗೆ ಮಾಡುವ ದೊಡ್ಡ ಹಾಸ್ಟೆಲುಗಳಲ್ಲಿ ಅದು ಎಲ್ಲಿಗೆ ಹೋಗಬೇಕು?

ಅಲ್ಲಿನ ಪಾತ್ರೆಗಳಿಗೆ ಎರಡು ಗೋಡೆ. ನಡುವಿನ ಟೊಳ್ಳಿನಲ್ಲಿ ಹಬೆ ತುಂಬುತ್ತದೆ. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು 70 ಕಿಲೋಕ್ಯಾಲರಿ ಸಾಕು. ಅದನ್ನು ಹಬೆಯಾಗಿಸಲು ಇನ್ನೂ ಸುಮಾರು 540 ಬೇಕು. ಹಬೆ ನೀರಾಗುವಾಗ ಪಾತ್ರೆಗೆ ದಕ್ಕುವುದು ಈ ದೊಡ್ಡ ಗಂಟು. ಆದ್ದರಿಂದ ಹಬೆ ಹೊರಗೆ ಹೋಗಕೂಡದು, ನೀರು ಒಳಗೆ ನಿಲ್ಲಕೂಡದು. ಈ ಎರಡನ್ನೂ ನೋಡಿಕೊಳ್ಳುವ ಕಾವಲುಗಾರನೇ ಸ್ಟೀಮ್ ಟ್ರ್ಯಾಪ್. ಇಲಿಬೋನು ಇದ್ದಂತೆ ಇದು ಹಬೆಬೋನು.

ಇದರಲ್ಲಿ ಹಲವು ಬಗೆ. ಒಂದರೊಳಗೆ ಟೊಳ್ಳು ಚೆಂಡು ತೇಲುತ್ತದೆ. ನೀರು ಏರಿದರೆ ಚೆಂಡೂ ಏರಿ ಕಿಂಡಿ ತೆರೆಯುತ್ತದೆ. ಮನೆಯ ಟ್ಯಾಂಕಿನ ಚೆಂಡು ಮಾಡುವ ಕೆಲಸಕ್ಕೆ ಸರಿಯಾಗಿ ತಿರುವುಮುರುವು. ಇನ್ನೊಂದರಲ್ಲಿ ನಾಣ್ಯದಂಥ ಉಕ್ಕಿನ ಬಿಲ್ಲೆ. ನೀರು ಬಂದರೆ ಮೇಲೇಳುತ್ತದೆ, ಹಬೆ ರಭಸದಿಂದ ನುಗ್ಗಿದರೆ ಟಕ್ಕೆಂದು ಕೂರುತ್ತದೆ.

ನಾನು ಕಂಡ ಒಂದು ಹಾಸ್ಟೆಲಿನಲ್ಲಿ ಒಂದು ಪಾತ್ರೆಯ ಸಾರು ಮಾತ್ರ ಕುದಿಯಲು ಸತಾಯಿಸುತ್ತಿತ್ತು. ಬಾಯ್ಲರಿಗೆ ವಯಸ್ಸಾಯಿತೆಂದು ಸೌದೆ ಹೆಚ್ಚಿಸಿದರು. ಆಗಲಿಲ್ಲ. ಕೊನೆಗೆ ಬೋನಿನ ಪಕ್ಕದ ಬೈಪಾಸ್ ವಾಲ್ವನ್ನು ತೆರೆದೇ ಇಟ್ಟರು. ಸಾರೇನೋ ಕುದಿಯಿತು, ಹಬೆಯೂ ಸೌದೆಯೂ ಹಿತ್ತಲ ಪಾಲಾದವು. ಒಂದು ದಿನ ಬಂದ ಹಳೆಯ ಫಿಟ್ಟರ್ ಆ ವಾಲ್ವ್ ಮುಚ್ಚಿಸಿ, ಸ್ವಲ್ಪ ಹೊತ್ತು ಕಾದು, ಬೋನಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರು. ಚುರ್ ಎನ್ನಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಜಾಲರಿಯ ತುಂಬ ತುಕ್ಕು. ತೊಳೆದು ಹಾಕಿದ್ದೇ ರಿಪೇರಿ!

ಕೆಲಸದ ಹೊತ್ತಿನಲ್ಲಿ ಬೋನು ತಣ್ಣಗಿದ್ದರೆ ಮೊದಲು ಹಿಂದಿನ ವಾಲ್ವ್ ತೆರೆದಿದೆಯೇ ನೋಡಿ, ಆಮೇಲೆ ಜಾಲರಿ. ಬಿಸಿಯಾಗಿದ್ದ ಮಾತ್ರಕ್ಕೆ ಆರೋಗ್ಯವಾಗಿದೆ ಎನ್ನುವಂತಿಲ್ಲ; ಹಬೆ ಸೋರುವ ಬೋನೂ ಬಿಸಿಯೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ, ಮರದ ಹಿಡಿಯನ್ನು ಕಿವಿಯ ಬಳಿ ಹಿಡಿಯಿರಿ. ಬಿಲ್ಲೆಯ ಬೋನು ಬಿಟ್ಟು ಬಿಟ್ಟು ಟಕ್ ಎಂದರೆ ಚಿಂತೆಯಿಲ್ಲ. ಪಟಪಟನೆ ಬಡಿದುಕೊಂಡರೆ ಅಥವಾ ಒಂದೇ ಸಮನೆ ಸುಯ್ಗುಟ್ಟಿದರೆ ಬಿಲ್ಲೆ ಸವೆದಿದೆ, ಇಲ್ಲವೇ ಕಸ ಸಿಕ್ಕಿಕೊಂಡಿದೆ.

ಹೊರಬಾಯಲ್ಲಿ ಬಿಳಿ ಮೋಡ ಕಂಡೊಡನೆ ಗಾಬರಿ ಬೇಡ. ಒತ್ತಡದಿಂದ ಬಿಡುಗಡೆಯಾದ ಬಿಸಿನೀರು ತುಸು ಹಬೆಯಾಗುವುದು ಸಹಜ. ಆದರೆ ಬಾಯಿಗೂ ಮೋಡಕ್ಕೂ ನಡುವೆ ಏನೂ ಕಾಣದ ಖಾಲಿ ಜಾಗವಿದ್ದು, ರಭಸ ನಿಲ್ಲದೇ ಇದ್ದರೆ ಅದು ಅಸಲಿ ಹಬೆ. ಕಣ್ಣಿಗೆ ಕಾಣದು, ಕೈ ಇಟ್ಟರೆ ಬೆಂದೇ ಹೋಗುತ್ತದೆ. ಬಿಚ್ಚುವ ಮುನ್ನ ಎರಡೂ ಬದಿಯ ವಾಲ್ವ್ ಮುಚ್ಚಿ, ಒತ್ತಡ ಇಳಿಸಿ, ಆರಲು ಬಿಡಬೇಕು. ಅದು ತಿಳಿದವರ ಕೆಲಸ.

ಒಲೆಗೆ ಇನ್ನೊಂದು ಕೊರಡು ತಳ್ಳುವ ಮುನ್ನ, ಮೂಲೆಯಲ್ಲಿರುವ ಈ ಪುಟ್ಟ ಬೋನು ಏನು ಹೇಳುತ್ತಿದೆಯೆಂದು ಒಮ್ಮೆ ಕೇಳಿ.