ಚಾರ್ಟ್ ನೋಡಿದರೆ ಸಾಲದು, ಓದಲು ಬರಬೇಕು

ಒಂದು ಕಡೆ ಕೆಲಸಕ್ಕೆ ಅರ್ಜಿ ಹಾಕುತ್ತಾ, ಇನ್ನೊಂದು ಕಡೆ ಭಾನುವಾರಗಳಲ್ಲಿ ಮದುವೆ, ನಾಮಕರಣ, ಪ್ರಿ-ವೆಡ್ಡಿಂಗ್ ಶೂಟ್ ಎಂದು ಕ್ಯಾಮೆರಾ ಹೆಗಲಿಗೇರಿಸುವ ಯುವಕ ಯುವತಿಯರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ಕಿಟ್ ಲೆನ್ಸ್ ಕೈಕೊಟ್ಟಾಗ ಅವರೆಲ್ಲ ಫಾಸ್ಟ್ ಲೆನ್ಸ್ ಹುಡುಕಲು ಶುರುಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಎಫ್ 2.8ಕ್ಕೆ ಹೋಲಿಸಿದರೆ ಎಫ್ 1.4 ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಆದರೆ ಬೆಲೆಯೂ ಹಾಗೇ ಏರುತ್ತದೆ. ಹಲವು ತಿಂಗಳ ಇಎಂಐ ಕಟ್ಟಬೇಕಾದ ವಸ್ತುವನ್ನು ಕಂಪನಿಯ ವೆಬ್‌ಸೈಟಿನ ಒಂದು ಗ್ರಾಫ್ ನೋಡಿ ತೀರ್ಮಾನಿಸುವುದು ಸರಿಯೇ?

ಆ ಗ್ರಾಫಿನ ಹೆಸರು ಎಂಟಿಎಫ್ ಚಾರ್ಟ್. ‘ಇದರ ಗೆರೆ ಮೇಲಿದೆ, ಅದರದು ಕೆಳಗೆ ಬಿದ್ದಿದೆ, ಅದು ಡಬ್ಬಾ’ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಸಾಲಿನ ತೀರ್ಪು ಬರುವುದು ಇದನ್ನು ನೋಡಿಯೇ. ನನ್ನ ತಕರಾರು ಚಾರ್ಟ್ ಮೇಲಲ್ಲ, ಈ ಅವಸರದ ತೀರ್ಪಿನ ಮೇಲೆ.

ಚಾರ್ಟ್ ಹೇಳುವುದು ಇಷ್ಟೆ. ಅಡ್ಡಲಾಗಿ ಇರುವುದು ಚಿತ್ರದ ನಡುವಿನಿಂದ ಅಂಚಿಗೆ ಇರುವ ದೂರ. ಫುಲ್ ಫ್ರೇಮ್‌ನಲ್ಲಿ ಮೂಲೆ ತಲುಪುವುದು ಸುಮಾರು 21.6 ಮಿಲಿಮೀಟರಿಗೆ. ಲಂಬವಾಗಿ ಇರುವುದು 0ಯಿಂದ 1ರವರೆಗಿನ ಕಾಂಟ್ರಾಸ್ಟ್. ಮಿಲಿಮೀಟರಿಗೆ 10 ಜೋಡಿ ಕಪ್ಪು–ಬಿಳಿ ಗೆರೆಗಳನ್ನು ಲೆನ್ಸ್ ಎಷ್ಟು ಬಿಡಿಸಿ ತೋರಿಸುತ್ತದೆ ಎನ್ನುವುದು ಚಿತ್ರದ ಒಟ್ಟಾರೆ ಕಸುವನ್ನು ಹೇಳಿದರೆ, 30 ಜೋಡಿಯ ಲೆಕ್ಕ ಸೂಕ್ಷ್ಮ ವಿವರವನ್ನು ಹೇಳುತ್ತದೆ. ಪ್ರತಿಯೊಂದಕ್ಕೂ ಎರಡು ದಿಕ್ಕಿನ ಅಳತೆ ಇರುವುದರಿಂದ ಒಂದು ಇಡೀ ಗೆರೆ, ಒಂದು ತುಂಡು ಗೆರೆ ಇರುತ್ತದೆ.

ತೊಂದರೆ ಶುರುವಾಗುವುದು ಹೋಲಿಕೆಯಲ್ಲಿ. ಕ್ಯಾನನ್, ನಿಕಾನ್ ಪ್ರಕಟಿಸುವ ಚಾರ್ಟ್‌ಗಳು ಲೆನ್ಸಿನ ವಿನ್ಯಾಸದಿಂದ ಲೆಕ್ಕ ಹಾಕಿದವು. ಜರ್ಮನಿಯ ಝೈಸ್ ತಯಾರಾದ ಲೆನ್ಸನ್ನು ಅಳೆದು ಪ್ರಕಟಿಸುವುದಕ್ಕೆ ಹೆಸರಾದ ಕಂಪನಿ, ಅದೂ 10, 20, 40 ಜೋಡಿ ಗೆರೆಗಳಿಗೆ. ಲೈಕಾ 5, 10, 20, 40 ಬಳಸುತ್ತದೆ. ಸಿಗ್ಮಾ ಬೆಳಕಿನ ವಿವರ್ತನೆಯನ್ನು ಸೇರಿಸಿದ ಚಾರ್ಟ್ ಒಂದು, ಸೇರಿಸದ್ದು ಒಂದು ಎಂದು ಎರಡು ಬಗೆಯನ್ನು ಕೊಡುತ್ತದೆ. ಎರಡು ಕಂಪನಿಗಳ ಚಾರ್ಟ್ ಪಕ್ಕಪಕ್ಕ ಇಟ್ಟು ಗೆದ್ದವರನ್ನು ಘೋಷಿಸುವುದೆಂದರೆ, ಬೇರೆ ಬೇರೆ ಪ್ರಶ್ನೆಪತ್ರಿಕೆ ಬರೆದ ಎರಡು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಶೇಕಡಾವಾರು ಅಂಕದಲ್ಲಿ ಅಳೆದಂತೆ. ಬರೀ ಅಂಕಪಟ್ಟಿ ನೋಡಿ ನಮ್ಮನ್ನು ಅಳೆಯುತ್ತಾರೆ ಎಂದು ಸಂದರ್ಶನ ಮುಗಿಸಿ ಬಂದು ಗೊಣಗುವ ನಮಗೆ ಇದು ಬೇಗ ಅರ್ಥವಾಗಬೇಕು.

ಫಾಸ್ಟ್ ಲೆನ್ಸ್‌ಗಳಿಗಂತೂ ಇನ್ನೊಂದು ಅನ್ಯಾಯವಿದೆ. ಸಾಮಾನ್ಯವಾಗಿ ಚಾರ್ಟ್ ಕೊಡುವುದು ಲೆನ್ಸ್ ಪೂರ್ತಿ ತೆರೆದಾಗಿನ ಸ್ಥಿತಿಗೆ. ಎಫ್ 4 ಝೂಮ್ ತನ್ನ ಎಫ್ 4ರಲ್ಲಿ ಪರೀಕ್ಷೆ ಬರೆಯುತ್ತದೆ, ಎಫ್ 1.4 ಲೆನ್ಸ್ ತನ್ನ 1.4ರಲ್ಲಿ. ದೊಡ್ಡ ತೆರವಿನಲ್ಲಿ ಬೆಳಕಿನ ದೋಷಗಳನ್ನು ತಿದ್ದುವುದು ಬಹಳ ಕಷ್ಟ. ಹಾಗಾಗಿ ಎಫ್ 1.4ರ ಗೆರೆ ಕೆಳಗೆ ಕಂಡರೆ ಆಶ್ಚರ್ಯವಿಲ್ಲ. ಅದೇ ಲೆನ್ಸನ್ನು ಎಫ್ 4ಕ್ಕೆ ಇಳಿಸಿದಾಗ ಅದು ಝೂಮನ್ನು ಮೀರಿಸಬಹುದು, ಆ ಸುದ್ದಿ ಮಾತ್ರ ಚಾರ್ಟ್‌ನಲ್ಲಿ ಇರುವುದಿಲ್ಲ.

ಇನ್ನು ಚಾರ್ಟ್‌ಗೆ ಗೊತ್ತೇ ಇಲ್ಲದ ಸಂಗತಿಗಳು. ಮಂಟಪದ ಹಿಂದಿನ ಸೀರಿಯಲ್ ಲೈಟ್ ನೇರ ಲೆನ್ಸಿಗೆ ಬಡಿದಾಗ ಚಿತ್ರ ಬಿಳಚಿಕೊಳ್ಳುತ್ತದೆಯೇ? ಬೆಳ್ಳಿ ಜರಿಯ ಅಂಚಿನಲ್ಲಿ ನೇರಳೆ ಹಸಿರು ಬಣ್ಣ ಒಸರುತ್ತದೆಯೇ? ಕತ್ತಲಲ್ಲಿ ಆಟೊಫೋಕಸ್ ತಡಕಾಡುತ್ತದೆಯೇ? 85 ಎಂಎಂ ಲೆನ್ಸನ್ನು ಎಫ್ 1.4ರಲ್ಲಿ ಎರಡು ಮೀಟರ್ ದೂರದಿಂದ ಬಳಸಿದರೆ ಫುಲ್ ಫ್ರೇಮ್‌ನಲ್ಲಿ ಸ್ಪಷ್ಟವಾಗಿ ಸಿಗುವ ಆಳ ನಾಲ್ಕೂವರೆ ಸೆಂಟಿಮೀಟರ್ ಆಸುಪಾಸು ಮಾತ್ರ. ವಧು ಸ್ವಲ್ಪ ಮುಖ ತಿರುಗಿಸಿದರೂ ಆಚೆ ಕಣ್ಣು ಮಸುಕು. ಫೋಕಸ್ ಮೂಗಿನ ತುದಿಗೆ ಹೋದರೆ ಎಷ್ಟೇ ಮೇಲಿರುವ ಗೆರೆಯೂ ನಿಮ್ಮನ್ನು ಕಾಪಾಡದು. ಜತೆಗೆ, ಒಂದೇ ಮಾಡೆಲಿನ ಎರಡು ಲೆನ್ಸ್ ಒಂದೇ ತರಹ ಇರುವುದಿಲ್ಲ. ಅಮೆರಿಕದ ಲೆನ್ಸ್‌ರೆಂಟಲ್ಸ್ ಎಂಬ ಬಾಡಿಗೆ ಸಂಸ್ಥೆಯ ರೋಜರ್ ಸಿಕಾಲಾ ಒಂದೇ ಮಾಡೆಲಿನ ಹಲವು ಲೆನ್ಸ್‌ಗಳನ್ನು ಅಳೆದು ಇದನ್ನು ಮತ್ತೆ ಮತ್ತೆ ತೋರಿಸಿದ್ದಾರೆ. ವಿನ್ಯಾಸದ ಲೆಕ್ಕದಿಂದ ಬಂದ ಚಾರ್ಟ್‌ನಲ್ಲಿ ನಿಮ್ಮ ಕೈಗೆ ಬರುವ ಆ ಒಂದು ಲೆನ್ಸ್ ಇಲ್ಲ.

ಹಾಗಾದರೆ ಚಾರ್ಟ್ ಬಿಸಾಡೋಣವೇ? ‘ಅದೆಲ್ಲ ಸುಮ್ಮನೆ, ಕಣ್ಣು ಮುಖ್ಯ’ ಎನ್ನುವ ಹಿರಿಯ ಫೋಟೊಗ್ರಾಫರ್‌ಗಳ ಮಾತನ್ನೂ ನಾನು ಒಪ್ಪುವುದಿಲ್ಲ. ಲೆನ್ಸ್ ಮುಟ್ಟಿ ನೋಡಲು ಅಂಗಡಿಯೇ ಇಲ್ಲದ ಊರಿನವರಿಗೆ ಅದು ಉಚಿತವಾಗಿ ಸಿಗುವ ಮಾಹಿತಿ. ಒಂದೇ ಕಂಪನಿಯ, ಒಂದೇ ಫೋಕಲ್ ಲೆಂತ್‌ನ, ಒಂದೇ ಅಪರ್ಚರ್‌ನ ಹಳೆಯ ಮತ್ತು ಹೊಸ ಮಾಡೆಲ್ ಹೋಲಿಸಲು ಅದು ಒಳ್ಳೆಯ ಸಾಧನ, ಅಳೆದ ರೀತಿ ಒಂದೇ ಆಗಿದ್ದರೆ. ಅಂಚಿಗೆ ಹೋಗುತ್ತಾ ಗೆರೆ ಧೊಪ್ಪನೆ ಬಿದ್ದರೆ, ಗ್ರೂಪ್ ಫೋಟೊದಲ್ಲಿ ಕೊನೆಗೆ ನಿಂತ ಸೋದರಮಾವ ಮಸುಕಾಗುವ ಸಾಧ್ಯತೆ ಇದೆ ಎಂದು ತಿಳಿಯಿರಿ. ನಿಮ್ಮದು ಎಪಿಎಸ್-ಸಿ ಕ್ಯಾಮೆರಾ ಆಗಿದ್ದರೆ ಸುಮಾರು 14 ಮಿಲಿಮೀಟರ್ ಆಚೆಯ ಕುಸಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಆ ಭಾಗ ನಿಮ್ಮ ಸೆನ್ಸರ್‌ಗೆ ಸಿಗುವುದೇ ಇಲ್ಲ.

ನನ್ನ ಸಲಹೆ ಇಷ್ಟೆ: ಚಾರ್ಟ್ ನೋಡಿ ಪಟ್ಟಿಯನ್ನು ಎರಡು ಲೆನ್ಸಿಗೆ ಇಳಿಸಿ. ಆಮೇಲೆ ಹತ್ತಿರದ ನಗರದಲ್ಲಿ ಅವನ್ನು ಒಂದು ದಿನ ಬಾಡಿಗೆಗೆ ತನ್ನಿ. ನೀವು ನಿಜವಾಗಿ ಕೆಲಸ ಮಾಡುವ ಬೆಳಕಿನಲ್ಲಿ, ಎರಡನ್ನೂ ಒಂದೇ ಅಪರ್ಚರ್‌ನಲ್ಲಿಟ್ಟು, ಅದೇ ಮುಖವನ್ನು ತೆಗೆಯಿರಿ. ಪರದೆಯ ಮೇಲೆ ಇನ್ನೂರು ಪರ್ಸೆಂಟ್ ಹಿಗ್ಗಿಸದೆ, ಆಲ್ಬಂ ಪುಟದ ಅಳತೆಗೆ ಪ್ರಿಂಟ್ ಹಾಕಿಸಿ ನೋಡಿ. ಗಿರಾಕಿ ನೋಡುವುದು ಅದನ್ನೇ. ಎಫ್ 1.8 ಸಾಕು ಅನಿಸಿದರೆ ಸಂಕೋಚ ಬೇಡ: ಎಫ್ 1.4 ಅದಕ್ಕಿಂತ ಹೆಚ್ಚು ಕೊಡುವ ಬೆಳಕು ಒಂದು ಸ್ಟಾಪ್‌ಗಿಂತಲೂ ಕಡಿಮೆ. ಒಂದು ದಿನದ ಬಾಡಿಗೆ ದುಬಾರಿ ಅನಿಸಬಹುದು. ಬೇಡದ ಲೆನ್ಸಿನ ಕಂತನ್ನು ವರ್ಷವಿಡೀ ಕಟ್ಟುವುದಕ್ಕೆ ಹೋಲಿಸಿದರೆ ಅದು ಏನೇನೂ ಅಲ್ಲ.