ಲೇಬಲ್ಲಿಲ್ಲದ ಸೀಸೆ ಹೆರಿಗೆ ಕೋಣೆಗೆ ಬೇಡ

ಹೆರಿಗೆಯಾದ ಮೇಲೆ ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಒಂದು ಹಾರ್ಮೋನು. ಇದನ್ನೇ ಹಸು ಹಾಲಿಳಿಸಲೆಂದು ಕೆಲವರು ಕದ್ದುಮುಚ್ಚಿ ಚುಚ್ಚುತ್ತಾರೆ. ಆ ದುರುಪಯೋಗ ತಪ್ಪಿಸಲು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಇದನ್ನು ತಯಾರಿಸಬಾರದೆಂದು ಆದೇಶಿಸಿತು. ಇಡೀ ದೇಶಕ್ಕೆ ಒದಗಿಸುವ ಹೊಣೆ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದರ ಹೆಗಲಿಗೇ ಬಿತ್ತು. ಔಷಧದ ಅಭಾವವಾದೀತೆಂದು ವೈದ್ಯರು ಆತಂಕಪಟ್ಟರು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟು ಆದೇಶವನ್ನು ರದ್ದುಮಾಡಿತು. ಸರಿಯಾದ ತೀರ್ಪೆಂದೇ ನನ್ನ ಅಭಿಪ್ರಾಯ. ಕೊಟ್ಟಿಗೆಯ ತಪ್ಪಿಗೆ ಬಾಣಂತಿ ದಂಡ ತೆರಬೇಕೆ?

ಆದರೂ ಯಾವ ಔಷಧಕ್ಕಾದರೂ ಅಭಾವ ಬರಬಹುದು. ಆಗ ಅರಸೀಕೆರೆಯಲ್ಲಿ ಸಿಗಲಿಲ್ಲವೆಂದು ಬೇಲೂರು, ಹಳೇಬೀಡುಗಳಲ್ಲಿ ಯಾರ ಬಳಿಯಾದರೂ ಸಿಕ್ಕೀತೆಂದು ಓಡಬೇಡಿ. ಲೇಬಲ್ಲಿಲ್ಲದ ಸೀಸೆಯಲ್ಲಿ ಎಷ್ಟು ಯೂನಿಟ್ ಇದೆಯೆಂದು ಮಾರುವವನಿಗೂ ಗೊತ್ತಿರದು. ಕಡಿಮೆಯಾದರೆ ರಕ್ತ ನಿಲ್ಲದು. ಹೆರಿಗೆಗೆ ಮುನ್ನ ಅತಿಯಾದರೆ ಗರ್ಭಕೋಶವೇ ಹರಿಯಬಹುದು, ಮಗುವಿಗೆ ಉಸಿರು ಕಟ್ಟಬಹುದು. ಅಸಲಿ ಔಷಧವನ್ನೂ 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬಿಸಿಲಿನಲ್ಲಿ ಜೇಬಿನಲ್ಲಿಟ್ಟು ಬಸ್ಸಿನಲ್ಲಿ ತಂದರೆ ಸತ್ವ ಕುಂದೀತು. ನೋಡಲು ಮಾತ್ರ ಮೊದಲಿನಂತೆಯೇ ತಿಳಿನೀರು!

ದಿನ ತುಂಬುವ ಮೊದಲೇ ಆಸ್ಪತ್ರೆಯಲ್ಲಿ ಕೇಳಿ: ಆಕ್ಸಿಟೋಸಿನ್ ಇದೆಯೆ, ಫ್ರಿಜ್ಜಿನಲ್ಲಿದೆಯೆ? ಅದಿಲ್ಲದಿದ್ದರೆ ಮಿಸೊಪ್ರೊಸ್ಟಾಲ್‌ನಂಥ ಬೇರೆ ಔಷಧಗಳುಂಟು. ಆದರೆ ಅವನ್ನು ವೈದ್ಯರೇ ಕೊಡಬೇಕು, ನೀವೇ ಕೊಂಡು ನುಂಗಿಸಬಾರದು. ಹೊರಗಿನಿಂದ ತರಲು ಚೀಟಿ ಕೊಟ್ಟರೆ ಔಷಧಿ ಅಂಗಡಿಯಲ್ಲೇ ಕೊಳ್ಳಿ. ಅವಧಿ ನೋಡಿ, ಬಿಲ್ಲು ಕೇಳಿ, ತಂಪು ಆರದಂತೆ ನೇರವಾಗಿ ನರ್ಸಮ್ಮನ ಕೈಗೆ ತಲುಪಿಸಿ.